ದಡ ಕಾಣದಷ್ಟು ದೂರ

ಬುಕಿಂಗ್ ಕೋಣೆಯ ಗೋಡೆ ತುಂಬ ಫೋಟೋಗಳಿದ್ದವು. ತಮ್ಮಷ್ಟೇ ಉದ್ದದ ಮೀನುಗಳನ್ನು ಎತ್ತಿಹಿಡಿದು ಹಲ್ಲು ಕಿರಿಯುತ್ತಿದ್ದ ಗಂಡಸರು, ಬಿಸಿಲಿಗೆ ಕೆಂಪಾದ ಮೂಗುಗಳು, ಒಂದೇ ಥರದ ಟೋಪಿಗಳು. ಮೀನು ಮಾತ್ರ ಯಾವ ಫೋಟೋದಲ್ಲೂ ನಗುತ್ತಿರಲಿಲ್ಲ.

"ಬೇರೆಯವರ ಜೊತೆ ಹೋಗೋದಾದ್ರೆ ನಾಳೇನೇ ಜಾಗ ಇದೆ ಮೇಡಂ," ಎಂದ ಬುಕಿಂಗಿನವನು. "ಹತ್ತಾರು ಜನ ಇರ್ತಾರೆ. ಹಾಡು ಗೀಡು, ಜೋರಾಗಿರುತ್ತೆ."

"ಬೇಡ. ಪೂರ್ತಿ ದೋಣಿ ನಮಗೇ ಬೇಕು. ಹೊರಗಿನ ಒಂದು ನರಪಿಳ್ಳೆನೂ ಇರಬಾರದು."

"ಎಷ್ಟು ಜನ?"

"ಇಬ್ಬರು. ನಮ್ಮ ಯಜಮಾನ್ರು, ನನ್ನ ತಮ್ಮ. ನಾನು ಬರಲ್ಲ."

"ಇಬ್ಬರಿಗೂ ಈಜು ಬರುತ್ತಲ್ಲ?"

ತಮ್ಮನಿಗೆ ಬರುತ್ತಿತ್ತು. ಗಂಡ ಸೊಂಟದ ಮಟ್ಟದ ನೀರಿಗಿಳಿದರೂ ಯಾರಾದರೊಬ್ಬರ ಭುಜ ಹಿಡಿದುಕೊಳ್ಳುವ ಪೈಕಿ. ಇಲ್ಲ ಎಂದರೆ ಎಲ್ಲಿ ಇನ್ನೊಬ್ಬ ಆಳನ್ನು ದೋಣಿಗೆ ಹತ್ತಿಸುತ್ತಾರೋ ಎಂದು ಅವಳಿಗೆ ಅಳುಕು.

"ಬರುತ್ತೆ," ಎಂದಳು.

"ಸರಿ. ಈ ಗಾಳಿ ದಿನಗಳಲ್ಲಿ ನಾವು ಒಂಟಿ ಬಂಡೆ ದಾಟಲ್ಲ. ಅದರ ಆಸುಪಾಸಲ್ಲೇ ಗಾಳ ಹಾಕಿಸ್ತೀವಿ."

ಕಿಟಕಿಯಿಂದ ನೋಡಿದರೆ ಒಂಟಿ ಬಂಡೆ ಕಾಣುತ್ತಿತ್ತು. ಅಲ್ಲಿ ಕೂತ ಹಕ್ಕಿಗಳೂ ಕಾಣುತ್ತಿದ್ದವು. ಅಷ್ಟು ಹತ್ತಿರದಲ್ಲಾದರೆ ಇಬ್ಬರಲ್ಲಿ ಒಬ್ಬನಾದರೂ ದೋಣಿ ತಿರುಗಿಸು ಎಂದು ಹಟ ಹಿಡಿಯುವುದು ಖಂಡಿತ. ತಮ್ಮನಂತೂ ನೀರಿಗೆ ಹಾರಿ ಈಜಿಕೊಂಡೇ ಬಂದುಬಿಟ್ಟಾನು.

"ಅಷ್ಟು ಹತ್ತಿರ ಬೇಡ. ದಡ ಕಾಣದಷ್ಟು ದೂರ ಹೋಗಬೇಕು."

ಬುಕಿಂಗಿನವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೀನು ಹಿಡಿಯೋಕಾ ಮೇಡಂ, ಇಲ್ಲ ಊರು ಬಿಟ್ಟು ಓಡಿಹೋಗೋಕಾ?"

ಅವಳು ನಗಲಿಲ್ಲ. ಅವನು ದೋಣಿಯವನನ್ನೇ ಕರೆಸಿದ. ಕಡ್ಡಿಯಂಥ ಮೈ, ಉಪ್ಪುನೀರಿಗೆ ಒಡೆದ ತುಟಿ. ಆಗಲ್ಲ ಎಂದು ಅವನು ತಲೆಯಾಡಿಸುತ್ತಲೇ ಇದ್ದ, ಇವಳು ಬಿಡಲಿಲ್ಲ. ಕೊನೆಗೆ ಅವನು, "ಆಯ್ತಮ್ಮ, ನಿಮ್ಮಿಷ್ಟ. ಆದ್ರೆ ಗಾಳಿ ತಿರುಗಿದ್ರೆ ನಾನು ಯಾರ ಮಾತೂ ಕೇಳಲ್ಲ, ವಾಪಸ್ ಬಂದುಬಿಡ್ತೀನಿ," ಎಂದ.

ಹೊರಗೆ ಬಂದಾಗ ಅವಳಿಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಗಿತ್ತು.

ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಬೇರೆ ದಾರಿ ಉಳಿದಿರಲಿಲ್ಲ. ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ತಮ್ಮ ಲಿಫ್ಟ್ ಮೆಕ್ಯಾನಿಕ್. ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಿದ್ದರೂ ಮನೆಯವರ ಬಾಯಲ್ಲಿ ಇವತ್ತಿಗೂ ಪುಟ್ಟ. ಇವಳ ಮದುವೆಯಾದ ಹೊಸದರಲ್ಲಿ ಭಾವ ಭಾಮೈದ ಇಬ್ಬರೂ ಒಂದೇ ಜೀವ. ಪುಟ್ಟನಿಗೆ ಗಾಳ ಬೀಸುವುದನ್ನು ಕಲಿಸಿದವನೇ ಭಾವ. ಭಾನುವಾರ ಬಂತೆಂದರೆ ಇಬ್ಬರೂ ಊರ ಹೊರಗಿನ ಕೆರೆ ದಂಡೆಯಲ್ಲಿ. ಬರುವಾಗ ಎರಡು ಬೆರಳುದ್ದದ ಮೀನು ತಂದು, ಅದರ ಸುದ್ದಿಯನ್ನು ಎರಡು ಮಾರುದ್ದ ಹೇಳುತ್ತಿದ್ದರು.

ಅದೆಲ್ಲ ಅಮ್ಮನ ಕಾಯಿಲೆಯಲ್ಲಿ ಮುಗಿದುಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅಮ್ಮ, "ಮನೆಗೆ ಕರ್ಕೊಂಡು ಹೋಗೋ ಪುಟ್ಟ," ಎಂದು ಗೋಗರೆದಳು. ಬೇಡವೇ ಬೇಡ, ಇನ್ನೊಂದು ವಾರ ಇರಲಿ ಎಂದು ಭಾವ ಬಡಕೊಂಡ. ಪುಟ್ಟ ತಾಯಿಯ ಮಾತು ಕೇಳಿದ. ಮನೆಗೆ ಬಂದ ಮರುದಿನವೇ ಅಮ್ಮ ಹೋದಳು. ಹೆಣ ಅಂಗಳದಲ್ಲಿರುವಾಗ, ನೆಂಟರಿಷ್ಟರ ಎದುರಿಗೇ, ಇವಳ ಗಂಡ, "ತಾಯೀನ ಕೊಂದವನು ನೀನೇ," ಎಂದುಬಿಟ್ಟ. ಅವತ್ತಿನಿಂದ ಪುಟ್ಟ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅವಳು ಹೇಳದ ಮಾತಿಲ್ಲ, ಹಾಕದ ಕಣ್ಣೀರಿಲ್ಲ. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಸೊಟ್ಟಗಾದ ಫ್ರೇಮನ್ನು ಬಿಸಿ ಮಾಡಿ ಬಾಗಿಸಿ ಗಿರಾಕಿಯ ಕಿವಿಗೆ ಹೊಂದಿಸುವವಳು. ಈ ಇಬ್ಬರನ್ನು ಬಾಗಿಸಲು ಆಗಲಿಲ್ಲ. ಎದ್ದು ಹೋಗಲು ಬಾಗಿಲೇ ಇಲ್ಲದ ಜಾಗದಲ್ಲಿ ಇಬ್ಬರನ್ನೂ ಕೂರಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಆಗ. ರಜೆಗೆಂದು ಕಡಲ ತೀರದಲ್ಲಿ ಮನೆ ಹಿಡಿದಳು. ದೋಣಿ ನಿಮಗೊಬ್ಬರಿಗೇ ಎಂದು ಗಂಡನಿಗೆ ಹೇಳಿದಳು. ಭಾವ ಬಂದಿಲ್ಲ, ನಾನೊಬ್ಬಳೇ ಇದ್ದೇನೆ, ನಿನಗೋಸ್ಕರ ದೋಣಿ ಹೇಳಿದ್ದೇನೆ ಬಾರೋ ಎಂದು ತಮ್ಮನಿಗೆ.

ಹೊರಡುವ ದಿನ ಬೆಳಿಗ್ಗೆ ಗಂಡ ಮೊದಲೇ ದೋಣಿ ಹತ್ತಿ ಒಳಗೆ ಗಾಳ ಕಟ್ಟುತ್ತ ಕೂತ. ಪುಟ್ಟ ಹೆಗಲಿಗೊಂದು ಚೀಲ ನೇತುಹಾಕಿಕೊಂಡು ಓಡೋಡಿ ಬಂದು ದೋಣಿಗೆ ಹಾರಿದ. ಮೊದಲೇ ಹೇಳಿಟ್ಟಂತೆ ದೋಣಿಯವನು ತಕ್ಷಣ ಹಗ್ಗ ಬಿಚ್ಚಿದ. ಚಹಾ ಅಂಗಡಿಯ ಹಿಂದೆ ನಿಂತು ಅವಳು ನೋಡಿದಳು. ಗಂಡ ಒಳಗಿನಿಂದ ಹೊರಬಂದ. ಇಬ್ಬರೂ ಮುಖಾಮುಖಿಯಾಗಿ ಮರಗಟ್ಟಿದಂತೆ ನಿಂತರು. ಆಮೇಲೆ ಒಬ್ಬ ದೋಣಿಯ ಮುಂದಿನ ತುದಿಗೆ ಹೋದ, ಇನ್ನೊಬ್ಬ ಹಿಂದಿನ ತುದಿಗೆ. ಪುಟ್ಟ ದಡದತ್ತ ತಿರುಗಿ ಕಣ್ಣಾಡಿಸಿದಾಗ ಅವಳು ತಲೆ ತಗ್ಗಿಸಿ ಅಡಗಿಕೊಂಡಳು.

ಹೊತ್ತೇರುವವರೆಗೆ ಸಮುದ್ರ ಹಾಸಿದ ಚಾದರದಂತಿತ್ತು. ಅವಳು ಮರಳಿನ ಮೇಲೆ ಕೂತು ಈಗ ಮಾತು ಶುರುವಾಗಿರಬಹುದು, ಈಗ ಬೈದಾಡುತ್ತಿರಬಹುದು, ಈಗ ಇಬ್ಬರಲ್ಲೊಬ್ಬ ಅಳುತ್ತಿರಬಹುದು ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ ಮಗ್ಗುಲು ಬದಲಿಸಿತು. ಬೀಚಿನ ಕೊಡೆಗಳು ಬುಡಮೇಲಾದವು. ನೀರಿನ ಬಣ್ಣ ಸೀಸದಂತಾಯಿತು. ಒಂಟಿ ಬಂಡೆಯ ಹತ್ತಿರ ಹೋಗಿದ್ದ ದೋಣಿಗಳು ಒಂದರ ಹಿಂದೊಂದು ಓಡಿಬಂದು ಜೆಟ್ಟಿಗೆ ಅಂಟಿಕೊಂಡವು. ಒದ್ದೆಯಾದ ಪ್ರವಾಸಿಗರು ನಗುತ್ತ, ಕಿರುಚುತ್ತ ಇಳಿದರು.

ಅವಳ ದೋಣಿ ಬರಲಿಲ್ಲ.

ಬುಕಿಂಗಿನವನು ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಅವಳು ಒಳಗೆ ಬಂದಾಗ ಮುಖ ಎತ್ತಲಿಲ್ಲ. "ರೇಡಿಯೋಲೂ ಉತ್ತರ ಇಲ್ಲ. ಅಷ್ಟು ದೂರಕ್ಕೆ ಒಂದೊಂದ್ಸಲ ಸಿಗಲ್ಲ ಮೇಡಂ. ಬರ್ತಾನೆ ಬಿಡಿ. ಹಳೇ ಕೈ ಅವನು."

"ಮತ್ತೆ ನೀವ್ಯಾಕೆ ಫೋನ್ ಕೆಳಗಿಡ್ತಿಲ್ಲ?"

ಅವನು ಫೋನನ್ನು ಮೇಜಿನ ಮೇಲಿಟ್ಟ. "ಕೋಸ್ಟ್‌ಗಾರ್ಡ್ ಆಫೀಸಿಗೆ ಹೇಳಿದೀನಿ. ನೀವೂ ಒಂದ್ಸಲ ಹೋಗಿ ಬನ್ನಿ. ಮನೆಯವರು ಕೇಳಿದ್ರೆ ಬೇಗ ಆಗಬಹುದು."

ಬೇಗ ಆಗಲಿಲ್ಲ. ಅಲ್ಲಿ ಸಮವಸ್ತ್ರದ ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದ, ನೀರು ಕೊಟ್ಟ. ಇರುವ ಒಂದೇ ಲಾಂಚು ಬೇರೆ ದಿಕ್ಕಿನಲ್ಲಿ ಮುಳುಗುತ್ತಿದ್ದ ಸರಕಿನ ಹಡಗಿನವರನ್ನು ತರಲು ಹೋಗಿತ್ತು. "ಅದು ಬಂದ ಕೂಡಲೇ ಕಳಿಸ್ತೀವಮ್ಮ."

"ಯಾವಾಗ ಬರುತ್ತೆ?"

"ಸುಳ್ಳು ಹೇಳಲಾರೆ. ಕತ್ತಲಾಗಬಹುದು."

"ಕತ್ತಲಾದ ಮೇಲೆ ಹುಡುಕೋದು ಹೇಗೆ ಸರ್?"

ಅವಳು ಕುಡಿಯದ ನೀರನ್ನು ಅಲ್ಲೇ ಬಿಟ್ಟು ಎದ್ದಳು.

ಬೆಳಿಗ್ಗೆ ಯಾವ ಜೆಟ್ಟಿಯನ್ನು ಮರೆಯಲ್ಲಿ ನಿಂತು ನೋಡಿದ್ದಳೋ ಈಗ ಅಲ್ಲಿ ದೋಣಿಯಿಂದ ದೋಣಿಗೆ ಓಡಿದಳು. ಅಣ್ಣಾ, ನಿಮ್ಮ ದೋಣಿ ಕೊಡಿ, ಪೂರ್ತಿ ಬುಕ್ ಮಾಡ್ತೀನಿ, ಏನು ಕೇಳಿದ್ರೂ ಕೊಡ್ತೀನಿ. ಒಬ್ಬ ಸುಮ್ಮನೆ ಸಮುದ್ರದ ಕಡೆ ಬೆರಳು ತೋರಿಸಿದ. ಇನ್ನೊಬ್ಬ, "ನಂಗೂ ಹೆಂಡತಿ ಮಕ್ಕಳಿದಾರೆ ತಾಯಿ," ಎಂದು ಹಗ್ಗ ಇನ್ನಷ್ಟು ಬಿಗಿದ. ಮತ್ತೊಬ್ಬನ ಕಾಲನ್ನೇ ಹಿಡಿಯಲು ಹೋದಳು. ಅವನು ಬೆಚ್ಚಿ ಹಿಂದೆ ಸರಿದು ಅವಳನ್ನು ಎಬ್ಬಿಸಿ ನಿಲ್ಲಿಸಿ, ಕಣ್ಣೊರೆಸಿಕೊಂಡ. ಆದರೆ ದೋಣಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪುಟ್ಟನ ಹೆಂಡತಿ.

"ಅಕ್ಕ, ಇವರ ಫೋನೇ ಹೋಗ್ತಿಲ್ಲ. ಮೀನು ಸಿಕ್ತಂತಾ?"

"ಸಮುದ್ರದಲ್ಲಿ ಸಿಗ್ನಲ್ ಇರಲ್ಲಮ್ಮ," ಎಂದಳು. ತನ್ನ ಧ್ವನಿ ಅಷ್ಟು ಸಹಜವಾಗಿ ಹೇಗೆ ಬಂತೋ ಅವಳಿಗೇ ತಿಳಿಯದು.

"ಹೊರಡೋವಾಗ ಎಷ್ಟು ಖುಷಿ ಗೊತ್ತಾ ಅಕ್ಕ? ಹಳೇ ಗಾಳ ಎಲ್ಲ ಹುಡುಕಿ ತೆಗೆದ್ರು. ಅಕ್ಕ ಕರೆದಿದಾಳೆ, ಅಕ್ಕ ಕರೆದಿದಾಳೆ ಅಂತ ಚಿಕ್ಕ ಮಗು ಥರ."

ಅವಳು ಫೋನನ್ನು ಎದೆಗೊತ್ತಿಕೊಂಡು ಜೆಟ್ಟಿಯ ಮೇಲೇ ಕುಸಿದಳು. ಅಮ್ಮನನ್ನು ಕೊಂದವನು ಯಾರು ಎಂದು ಇಷ್ಟು ಕಾಲ ಕಚ್ಚಾಡಿದರಲ್ಲ, ಈ ಇಬ್ಬರನ್ನು ಕೊಂದವಳು ಯಾರು ಎಂದು ನಾಳೆ ಯಾರೂ ಕೇಳಬೇಕಾದ್ದಿಲ್ಲ.

"ನನ್ನ ಗಂಡನ ಹತ್ರ ದಡ ಕಾಣಬಾರದು ಅಂದೋರು ನೀವೇನಾ?"

ತಲೆ ಎತ್ತಿದಳು. ಜೆಟ್ಟಿಯ ಮೂಲೆಯಲ್ಲಿ ಐಸು, ಗಾಳದ ಹುಳ, ಚಿಕ್ಕ ಮೀನು ಮಾರುವ ಅಂಗಡಿಯ ಹೆಂಗಸು. ದಪ್ಪ ತೋಳು, ಮೊಣಕಾಲವರೆಗಿನ ರಬ್ಬರ್ ಬೂಟು. ಅವಳು ದೋಣಿಯವನ ಹೆಂಡತಿ ಎಂದು ಇವಳಿಗೆ ಆಗ ತಿಳಿಯಿತು.

"ನಾನೇ," ಎಂದಳು.

ಐಸಿನವಳ ಕೈ ಮೇಲೆದ್ದಿತು. ಹೊಡೆದೇ ಬಿಡುತ್ತಾಳೆ ಎಂದುಕೊಂಡಳು, ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಕೈ ಕೆಳಗಿಳಿಯಿತು.

"ಈಜು ಬರುತ್ತಾ ನಿಮ್ಮೋರಿಗೆ? ಅದಾದ್ರೂ ನಿಜವಾ?"

"ತಮ್ಮನಿಗೆ ಬರುತ್ತೆ. ನಮ್ಮೆಜಮಾನ್ರಿಗೆ ಬರಲ್ಲ."

"ಥೂ!" ಎಂದಳು ಐಸಿನವಳು. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು, "ಏಳಿ. ಡಾಲ್ಫಿನ್ ತೋರಿಸೋ ಸಣ್ಣ ದೋಣಿ ಒಂದಿದೆ. ನಾನೇ ನಡೆಸ್ತೀನಿ. ಹಗ್ಗ ಎಸೆಯೋಕೆ, ಕಣ್ಣಿಟ್ಟು ನೋಡೋಕೆ ಇನ್ನೊಂದು ಜೀವ ಬೇಕು. ಗಂಡಸರು ಯಾರೂ ಬರೋ ಹಂಗಿಲ್ಲ. ನೀವು ಬರ್ತೀರಾ?"

ಜೆಟ್ಟಿಯ ಗಂಡಸರು ಕೂಗಿ ಕೂಗಿ ತಡೆದರು. ಐಸಿನವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ದೋಣಿ ತೆರೆದ ಸಮುದ್ರಕ್ಕೆ ನುಗ್ಗಿತು. ಇವಳು ವಾಂತಿ ಮಾಡುತ್ತಲೇ ಕಣ್ಣಿಟ್ಟು ನೋಡಿದಳು. ದೋಣಿ ಒಂದು ಅಲೆಯ ನೆತ್ತಿಗೇರಿ ಮುಂದಿನ ಗುಂಡಿಗೆ ಧಡಾರನೆ ಬಿದ್ದಾಗ ಜೀವ ಬಾಯಿಗೆ ಬರುತ್ತಿತ್ತು. ಒಂಟಿ ಬಂಡೆ ಹಿಂದೆ ಹೋಯಿತು. ದಡ ಒಂದು ಗೀಟಾಯಿತು, ಆಮೇಲೆ ಗೀಟೂ ಅಳಿಸಿಹೋಯಿತು. ಎಲ್ಲಿ ನೋಡಿದರೂ ನೀರು, ಗಾಳಿಯ ಮೊರೆತ. ಇಷ್ಟು ದೊಡ್ಡ ಜಾಗದಲ್ಲಿ ಇಬ್ಬರಿಗೆ ಮಾತಾಡಲು ಜಾಗ ಹುಡುಕಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಅಲ್ಲಿ!" ಎಂದು ಕೂಗಿದವಳು ಐಸಿನವಳು.

ದೋಣಿ ಲಂಗರಿನ ಹಗ್ಗದಲ್ಲಿ ಜಗ್ಗಾಡುತ್ತ ನಿಂತಿತ್ತು. ದೋಣಿಯವನು ಒದ್ದೆ ಅಂಗಿ ಬಿಚ್ಚಿ ಬೀಸುತ್ತಿದ್ದ. ಗಂಡ ಕಂಬಿ ಹಿಡಿದು ಬಾಗಿದ್ದ. ಹತ್ತಿರ ಹೋದಂತೆ ಅವನ ದನಿ ಕೇಳಿಸಿತು. ಕೂಗಿ ಕೂಗಿ ಒಡೆದುಹೋದ ದನಿ.

"ಪುಟ್ಟಾ! ಪುಟ್ಟಾ!"

ಅವಳ ಕಣ್ಣು ದೋಣಿಯನ್ನೆಲ್ಲ ತಡಕಿತು. ತಮ್ಮ ಇರಲಿಲ್ಲ.

ಯಾರದೋ ಕಳೆದುಹೋದ ಹಳೆಯ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತ್ತು. ಮೆಷಿನ್ನು ಗಿಷಿನ್ನು ನನ್ನ ಕೆಲಸ ಎಂದು ಪುಟ್ಟ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚಾಕು ಹಿಡಿದು ಇಳಿದಿದ್ದ. ಬಲೆಯನ್ನು ಹೆಚ್ಚುಕಡಿಮೆ ಕತ್ತರಿಸಿದ್ದ. ದೊಡ್ಡದೊಂದು ಅಲೆ ಬಂದು ದೋಣಿಯ ಹಿಂಭಾಗವನ್ನು ಎತ್ತಿ ಕುಕ್ಕಿತು. ಸೊಂಟದ ಹಗ್ಗ ಬಿಚ್ಚಿಹೋಯಿತು. ನೀರು ಕೆಂಪಾದದ್ದನ್ನು ಭಾವ ನೋಡಿದ. ಆಮೇಲೆ ತಲೆಯೊಂದು ದೂರ ದೂರ ತೇಲಿಹೋದದ್ದನ್ನು.

ಗಂಡ ಅವಳನ್ನು ನೋಡಿದ. ನೀನೇಕೆ ಇಲ್ಲಿ ಎಂದು ಕೇಳಲಿಲ್ಲ. "ನನ್ನ ಲೈಫ್ ಜಾಕೆಟ್ ಬಿಚ್ಚಿ ಅವನ ಕಡೆ ಎಸೆದೆ. ಸಿಕ್ತೋ ಇಲ್ವೋ ಕಾಣಲಿಲ್ಲ. ಕಾಣಲೇ ಇಲ್ಲ ಕಣೇ," ಎಂದ.

"ಲಂಗರು ಹಿಡಿದಿದೆ, ನಂಗೇನೂ ಆಗಲ್ಲ," ಎಂದು ದೋಣಿಯವನು ಹೆಂಡತಿಗೆ ಕೂಗಿದ. "ನೀನು ಗಾಳಿ ಹೋದ ಕಡೆಗೇ ಹೋಗು. ಬೇಗ!"

ಐಸಿನವಳು ದೋಣಿ ತಿರುಗಿಸುವಷ್ಟರಲ್ಲಿ ಇವಳ ಗಂಡ ಕಂಬಿ ಹತ್ತಿದ್ದ. ಬೇಡ ರೀ ಎಂದು ಅವಳು ಚೀರಿದಳು. ಎರಡು ದೋಣಿಗಳ ನಡುವೆ ನೀರು ಬಾಯಿ ತೆರೆದು ಮುಚ್ಚುತ್ತಿತ್ತು. ಜಾಕೆಟ್ಟಿಲ್ಲದೆ, ಈಜಲು ಬಾರದೆ, ಅವನು ಹಾರಿದ. ಅರ್ಧ ಮೈ ದೋಣಿಯಲ್ಲಿ, ಅರ್ಧ ನೀರಿನಲ್ಲಿ. ಅವಳು ಅಂಗಿ ಹಿಡಿದೆಳೆದಳು. ಅವನು ಒಳಕ್ಕೆ ಉರುಳಿ, ಏದುಸಿರು ಬಿಡುತ್ತಲೇ ಎದ್ದು ನಿಂತು ಮತ್ತೆ ಕೂಗತೊಡಗಿದ.

ಬೆಳಕು ಇಳಿಯುತ್ತಿತ್ತು. ಪ್ರತಿ ಅಲೆಯ ನೊರೆಯೂ ಅವಳಿಗೆ ಮುಖದಂತೆ ಕಂಡಿತು, ಪ್ರತಿ ಮುಖವೂ ಮರುಕ್ಷಣ ನೊರೆಯಾಯಿತು. ಇನ್ನು ಸ್ವಲ್ಪ ಹೊತ್ತಿಗೆ ತಿರುಗಲೇಬೇಕು ಎಂದು ಐಸಿನವಳು ಹೇಳಿದಳು. ಗಂಡ ಕೂಗು ನಿಲ್ಲಿಸಲಿಲ್ಲ. ಅವಳೂ ತಿರುಗಿಸಲಿಲ್ಲ.

ಬಲೆ ಗುರುತಿಗೆ ಬಿಟ್ಟಿದ್ದ ತೇಲುವ ಕರಿ ಪ್ಲಾಸ್ಟಿಕ್ ಬುರುಡೆಗಳ ಸಾಲೊಂದು ಅಲೆಯ ಮೇಲೆ ಏರಿಳಿಯುತ್ತಿತ್ತು. ಅದರ ತುದಿಯಲ್ಲಿ ಕೇಸರಿ ಬಣ್ಣದ ತುಂಡೊಂದು ಕಂಡಿತು. ಗಂಡ ಅದರತ್ತ ಕೈ ಚಾಚಿದ.

ಪುಟ್ಟ ಜಾಕೆಟ್ಟಿನೊಳಗೆ ಒಂದು ತೋಳು ತೂರಿಸಿ, ಬುರುಡೆಯ ಹಗ್ಗವನ್ನು ಮೊಣಕೈಯಲ್ಲಿ ಸಿಕ್ಕಿಸಿಕೊಂಡಿದ್ದ. ಕಣ್ಣು ಮುಚ್ಚಿತ್ತು. ಅವಳು ಹಗ್ಗ ಎಸೆದಳು, ಎಲ್ಲೋ ಬಿತ್ತು. ಮತ್ತೆ ಎಸೆದಳು, ಇನ್ನೂ ದೂರ ಬಿತ್ತು. ಗಂಡ ಕೊಕ್ಕೆಯ ಗಳು ಕಿತ್ತುಕೊಂಡು ಹೊಟ್ಟೆಯ ಮೇಲೆ ಮಲಗಿ ಚಾಚಿದ. "ನನ್ನ ಕಾಲು ಹಿಡ್ಕೋ," ಎಂದ. ಅವಳು ಅವನ ಕಾಲುಗಳನ್ನು ಅವುಚಿ ಹಿಡಿದಳು. ಜಾಕೆಟ್ಟಿನ ಪಟ್ಟಿಗೆ ಕೊಕ್ಕೆ ಸಿಕ್ಕಿತು. ಐಸಿನವಳೂ ಬಂದು ಎಳೆದಳು. ಅಷ್ಟು ದೊಡ್ಡ ಮೈ, ನೆನೆದ ಮರದ ದಿಮ್ಮಿಯಂತೆ ಒಳಗೆ ಬಿತ್ತು.

ಎಡಗೈಯ ಅಂಗೈ ಸೀಳಿತ್ತು. ಗಂಡ ತನ್ನ ಅಂಗಿ ಹರಿದು ಸುತ್ತಿದ. ಎದೆ ಉಜ್ಜಿದ, ಕೆನ್ನೆ ತಟ್ಟಿದ. "ಲೋ ಪುಟ್ಟ. ಲೋ, ಕಣ್ಣು ಬಿಡೋ. ನಾನು ಕಣೋ, ಭಾವ."

ಪುಟ್ಟ ಕೆಮ್ಮಿ ನೀರು ಕಾರಿದ. ಹಲ್ಲು ಕಟಕಟ ಎನ್ನುತ್ತಿದ್ದವು. "ಬಲೆ ಬಿಚ್ಚಿದೀನಿ ಭಾವ," ಎಂದ. "ಇನ್ನು ಸ್ವಲ್ಪ... ಸ್ವಲ್ಪವೇ ಇತ್ತು."

ಗಂಡ ಅವನ ತಲೆಯನ್ನು ಎದೆಗವುಚಿಕೊಂಡು ಗೊಳೋ ಎಂದು ಅತ್ತ. ಅಮ್ಮ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅವಳು ಇನ್ನೂ ಅವನ ಕಾಲುಗಳನ್ನು ಹಿಡಿದೇ ಇದ್ದಳು.

ಜೆಟ್ಟಿ ಮುಟ್ಟುವಾಗ ದೀಪ ಹಚ್ಚಿದ್ದರು. ಆಮೇಲೆ ಲಾಂಚು ಹೋಗಿ ದೋಣಿಯವನನ್ನು ದೋಣಿ ಸಮೇತ ಎಳೆದು ತಂದಿತು. ಐಸಿನವಳು ತನ್ನ ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅಲ್ಲೇ ಅವನ ಅಂಗಿ ಹಿಡಿದು ನಿಂತಳು. ಇವಳು ಕೈ ಮುಗಿದಾಗ, "ನನಗೆ ನಿಮ್ಮ ಮುಖ ನೋಡೋಕಾಗಲ್ಲ, ಹೋಗಿ," ಎಂದಷ್ಟೇ ಹೇಳಿದಳು.

ಆಸ್ಪತ್ರೆಯಲ್ಲಿ ಪುಟ್ಟನ ಕೈಗೆ ಹೊಲಿಗೆ ಬಿತ್ತು. ನರ ತುಂಡಾಗಿದೆ, ಹಿಡಿತ ಬರಲು ತಿಂಗಳುಗಟ್ಟಲೆ ಬೇಕು, ಪೂರ್ತಿ ಬರುವುದೋ ಇಲ್ಲವೋ ಎಂದರು. ಅವನ ಹೆಂಡತಿ ಸಿಕ್ಕ ಬಸ್ಸು ಹತ್ತಿ ಬಂದವಳು ಇವಳನ್ನು ದಾಟಿಕೊಂಡೇ ಒಳಗೆ ಹೋದಳು. ಅಷ್ಟರಲ್ಲಿ ದೋಣಿಯವನು ಎಲ್ಲರಿಗೂ ಎಲ್ಲ ಹೇಳಿದ್ದ. ಬೆಳಗಿನಿಂದ ಬಲೆ ಸಿಕ್ಕುವವರೆಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲವಂತೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರಂತೆ.

"ಈಜು ಬರುತ್ತೆ ಅಂದ್ಯಂತೆ," ಎಂದ ಗಂಡ ಕಾರಿಡಾರಿನಲ್ಲಿ. "ದಡ ಕಾಣಬಾರದು ಅಂದ್ಯಂತೆ."

"ಹೂಂ."

ಅವನು ಪುಟ್ಟನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಒಳಗಿನಿಂದ ಇಬ್ಬರ ದನಿ ಸಣ್ಣಗೆ ಕೇಳಿಸುತ್ತಿತ್ತು. ಅಮ್ಮನ ಹೆಸರು ಬಂದಂತಾಯಿತು. ಅವಳು ಹೊರಗಿನ ಬೆಂಚಿನಲ್ಲೇ ಕೂತಳು.

ಊರಿಗೆ ಬಂದ ಮೇಲೆ ಗಂಡ ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಹೊರಟುಬಿಡುತ್ತಿದ್ದ. ಪುಟ್ಟನನ್ನು ಬೆರಳಿನ ವ್ಯಾಯಾಮಕ್ಕೆ ಕರೆದೊಯ್ಯುವವನು ಅವನೇ ಎಂದು ಅವಳಿಗೆ ಬೇರೆಯವರ ಬಾಯಿಂದ ತಿಳಿಯಿತು. ಭಾವ ಭಾಮೈದ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಇವಳು ಚಹಾ ತಂದಿಟ್ಟರೆ ಗಂಡ ದನಿ ತಗ್ಗಿಸುತ್ತಿದ್ದ. ಅವಳೊಡನೆ ಬೇಕಾದಷ್ಟು ಮಾತು, ಅಳೆದು ತೂಗಿ. ಅವಳು ಅದನ್ನು ಪ್ರಶ್ನಿಸಲಿಲ್ಲ. ಇಬ್ಬರೂ ಬದುಕಿದ್ದಾರೆ ಎಂಬುದನ್ನು ದಿನವೂ ಎದ್ದ ಕೂಡಲೇ ಒಮ್ಮೆ ನೆನೆದು, ಆಮೇಲೆ ಅಂಗಡಿಗೆ ಹೋಗುತ್ತಿದ್ದಳು.

ಬೇಸಿಗೆ ಕಳೆದ ಮೇಲೆ ಒಂದು ಸಂಜೆ ಪುಟ್ಟನೇ ಮನೆಗೆ ಬಂದ. ಊಟ ಮಾಡಿದ, ಭಾವನ ಜೊತೆ ಹರಟಿದ. ಹೊರಡುವಾಗ ಭಾವ ಗಾಡಿ ತೆಗೆಯಲು ಕೆಳಗೆ ಹೋಗಿದ್ದ. ಬಾಗಿಲಲ್ಲಿ ಇವರಿಬ್ಬರೇ.

"ಒಂದು ಸಲ ನೇರವಾಗಿ ಕೇಳಬಹುದಿತ್ತಲ್ಲ ಅಕ್ಕ," ಎಂದ. "ಬಾರೋ, ಭಾವನೂ ಇರ್ತಾರೆ ಅಂತ."

"ಕೇಳಿದ್ರೆ ಬರ್ತಿದ್ಯಾ?"

ಅವನು ಚಪ್ಪಲಿಗೆ ಕಾಲು ತೂರಿಸಿದ.

"ಇಲ್ಲ," ಎಂದ.

ಅವನ ಅಂಗಿಯ ಬಲತೋಳಿನ ಗುಂಡಿ ಬಿಚ್ಚಿಕೊಂಡಿತ್ತು. ಎಡಗೈಯ ಬೆರಳುಗಳಿಂದ ಹಾಕಿಕೊಳ್ಳಲು ನೋಡಿದ, ಬೆರಳು ಮಡಚಲಿಲ್ಲ. ಕೆಳಗಿನಿಂದ ಹಾರ್ನ್ ಕೇಳಿಸಿತು. ಪುಟ್ಟ ತೋಳನ್ನು ಅವಳ ಮುಂದೆ ಚಾಚಿದ. ಅವಳು ಕಣ್ಣು ಮಂಜಾಗಿ ಗುಂಡಿಯ ತೂತು ಕಾಣದೆ ತಡಕಾಡಿದಳು. ಅವನು ಅವಸರ ಮಾಡಲಿಲ್ಲ.